ಸೀಮೆಸುಣ್ಣದ ಮೇಸ್ತ್ರಿ ಮತ್ತು ಹಸಿರು ಅಂಗಿಯ ಚೆಲುವ

ಬಡಗಿಗಳು ಎಲ್ಲಿ ಬೇಕಾದರೂ ಸಿಗುತ್ತಾರೆ. ಆದರೆ ನಿಮ್ಮ ಮನೆಗೆ ಬಂದು, ನೆಲದ ಮೇಲೆ ಮಂಡಿಯೂರಿ, ಇನ್ನೂ ಹುಟ್ಟಿಯೇ ಇಲ್ಲದ ಮಂಚದ ಸುತ್ತ ಮನೆಮಂದಿಯನ್ನೆಲ್ಲ ಸುತ್ತು ಹಾಕಿಸುವ ಬಡಗಿ ಎಲ್ಲರಿಗೂ ಸಿಗುವುದಿಲ್ಲ. ನಮ್ಮ ಮೇಸ್ತ್ರಿ ಅಂಥವನು. ಅವನ ಕಿವಿಯ ಮೇಲೆ ಪೆನ್ಸಿಲ್ ಇರುತ್ತಿರಲಿಲ್ಲ, ಜೇಬಿನ ತುಂಬ ಸೀಮೆಸುಣ್ಣ ಇರುತ್ತಿತ್ತು. ಅವನ ಅಂಗಿ ನೆನೆಹಾಕಿದ ಬಕೆಟ್ಟಿನ ನೀರು ಎಷ್ಟು ಬೆಳ್ಳಗಾಗುತ್ತಿತ್ತೆಂದರೆ, ಪಕ್ಕದ ಮನೆಯ ಬೆಕ್ಕು ಬಂದು ಹಾಲೆಂದು ಕುಡಿದು, ಆಮೇಲೆ ಒಂದು ವಾರ ಯಾರ ಮನೆಯ ಹಾಲನ್ನೂ ನಂಬಲಿಲ್ಲ. ಇದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಅಂತ ಕೇಳಬೇಡಿ.

ಅವನು ಕೆಲಸ ಹಿಡಿಯುವ ರೀತಿಯೇ ಬೇರೆ. ಕಪಾಟು ಬೇಕೆಂದರೆ ಗೋಡೆಯ ಮೇಲೆ ಅಷ್ಟೇ ದೊಡ್ಡ ಕಪಾಟು ಬರೆಯುವನು. ಬಾಗಿಲು ತೆರೆದರೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನೆಲದ ಮೇಲೆ ಕಮಾನು ಎಳೆಯುವನು. ಆಮೇಲೆ ಮನೆಯೊಡತಿಯನ್ನು ಕರೆದು, "ತೆಗೀರಿಮ್ಮ ಬಾಗಿಲು" ಅನ್ನುವನು.

"ಯಾವ ಬಾಗಿಲು?"

"ಇದೇ. ಹಿಡಿ ಇಲ್ಲಿದೆ. ಎಳೀರಿ. ಆಂ, ನೋಡಿ, ಮಂಚಕ್ಕೆ ಹೊಡೀತು!"

"ಸಾಕು ಬಿಡಿ ಮೇಸ್ತ್ರಿ, ನಮಗೆ ಗೊತ್ತಾಯ್ತು."

"ನಿಮಗೆ ಗೊತ್ತಾಯ್ತು, ನನಗೆ ಗೊತ್ತಾಗ್ಬೇಡ್ವಾ?"

ಜನ ಇದನ್ನು ಅವನ ಶಿಸ್ತು ಅಂದುಕೊಂಡಿದ್ದರು. ಬಲು ಜಾಗರೂಕ ಮನುಷ್ಯ, ಒಂದು ಹಲಗೆಯೂ ಹಾಳಾಗಲು ಬಿಡುವುದಿಲ್ಲ ಅಂತ ಹೊಗಳುತ್ತಿದ್ದರು. ಒಂದು ಮನೆಯಲ್ಲಂತೂ ಅವನು ಬರೆದ ಸೋಫಾ ಎಷ್ಟು ಚೆನ್ನಾಗಿತ್ತೆಂದರೆ, ಬಂದ ನೆಂಟರೊಬ್ಬರು ನೇರವಾಗಿ ಹೋಗಿ ಅದರ ಮೇಲೆ ಕೂತುಬಿಟ್ಟರಂತೆ. ಸೊಂಟ ಉಳುಕಿತು. ಮಲಗಿದ್ದಲ್ಲೇ "ಸ್ವಲ್ಪ ತಗ್ಗಾಯ್ತು ಮೇಸ್ತ್ರಿ" ಅಂದರಂತೆ.

ನಿಜವಾದ ಕಾರಣ ಯಾರಿಗೂ ಗೊತ್ತಿರಲಿಲ್ಲ. ಅಷ್ಟೇಕೆ, ಮೇಸ್ತ್ರಿಗೇ ಗೊತ್ತಿರಲಿಲ್ಲ. ಅವನಿಗೆ ತಲೆಯೊಳಗೆ ಏನೂ ಕಾಣುತ್ತಿರಲಿಲ್ಲ, ಬೇರೆಯವರಿಗೆ ಕಾಣುತ್ತದೆ ಅನ್ನುವುದೂ ತಿಳಿದಿರಲಿಲ್ಲ.

ಅವನ ಅಪ್ಪನೂ ಬಡಗಿಯೇ. ಅಪ್ಪನಿಗೆ ಒಂದು ಮರದ ತುಂಡು ತೋರಿಸಿದರೆ ಸಾಕು, ಅದರೊಳಗೆ ಕಾಲು ಮಡಚಿ ಕೂತಿರುವ ಕುರ್ಚಿ ಕಾಣುತ್ತಿತ್ತು. ಬೇಡದ ಮರವನ್ನು ತೆಗೆದುಬಿಟ್ಟರೆ ಕುರ್ಚಿ ತಾನೇ ಎದ್ದು ಬರುತ್ತದೆ ಅನ್ನುತ್ತಿದ್ದ. ಮಗನನ್ನು ಎದುರಿಗೆ ಕೂರಿಸಿಕೊಂಡು, "ಕಣ್ಣು ಮುಚ್ಕೊಳೋ. ಈಗ ಸ್ಟೂಲು ನೋಡು. ಕಾಣ್ತಾ?" ಅಂತ ಕೇಳುವನು.

ಕಣ್ಣು ಮುಚ್ಚಿದರೆ ಮಗನಿಗೆ ಕತ್ತಲು. ಮರದ ಹೊಟ್ಟಿನ ವಾಸನೆ ಬರುತ್ತಿತ್ತು, ಅಪ್ಪನ ಉಸಿರು ಕೇಳುತ್ತಿತ್ತು, ಅಷ್ಟೇ.

"ಕಾಣ್ತಪ್ಪ" ಅನ್ನುವನು. ದಾರಿಯಲ್ಲಿ ಸಿಕ್ಕವರು ಚೆನ್ನಾಗಿದ್ದೀಯಾ ಅಂದರೆ, ಹಲ್ಲುನೋವಿದ್ದರೂ ಚೆನ್ನಾಗಿದ್ದೀನಿ ಅನ್ನುವುದಿಲ್ಲವೇ? ಇದೂ ಹಾಗೆಯೇ ಒಂದು ಮರ್ಯಾದೆಯ ಮಾತು ಅಂತ ಅವನ ಲೆಕ್ಕ. ಕಣ್ಣಿಗೆ ಕಟ್ಟಿದಂತಿದೆ, ಕಣ್ಮುಂದೆ ಬಂದು ನಿಂತ ಹಾಗಿದೆ ಅಂತ ಜನ ಹೇಳುವುದೆಲ್ಲ ಬರಿಯ ಬಾಯಿಮಾತು ಅಂದುಕೊಂಡ. ಅವನು ಮಾಡಿದ ಮೊದಲ ಸ್ಟೂಲು ನೋಡಿ ಅಪ್ಪ, "ಇದು ಸ್ಟೂಲಲ್ಲ ಕಣೋ, ಮುನಿಸಿಕೊಂಡಿರೋ ಕತ್ತೆ" ಅಂದ. ಒಂದು ಕಾಲು ಹಿಂದಕ್ಕೆ, ಇನ್ನೊಂದು ಪಕ್ಕಕ್ಕೆ. ಅವತ್ತು ಶಾಲೆಯಿಂದ ಒಂದು ಸೀಮೆಸುಣ್ಣ ಅವನ ಜೇಬಿಗೆ ಇಳಿಯಿತು. ಒಳಗೆ ಕಾಣದಿದ್ದರೇನು, ಹೊರಗೆ ಬರೆದುಕೊಂಡರಾಯಿತು! ಅಪ್ಪನಿಗಿಂತ ಒಳ್ಳೆಯ ಬಡಗಿಯಾದ ಅಂತ ಕೆಲವರು, ಅಪ್ಪನಷ್ಟು ಅಲ್ಲ ಅಂತ ಕೆಲವರು. ಅಪ್ಪ ಮಾತ್ರ ಸಾಯುವವರೆಗೂ "ನೆಲ ಹಾಳು ಮಾಡ್ತಾನೆ" ಅನ್ನುವುದನ್ನು ಬಿಡಲಿಲ್ಲ.

ಇಂಥವನಿಗೆ ಸಿಕ್ಕ ಹೆಂಡತಿ ಎಂಥವಳು ಅಂತೀರಿ?

ಅವಳಿಗೆ ಎಲ್ಲವೂ ಕಾಣುತ್ತಿತ್ತು. ಬೇಡ ಅಂದರೂ ಕಾಣುತ್ತಿತ್ತು. ಎದುರಿಗೆ ಯಾರಾದರೂ ನಿಂಬೆಹಣ್ಣಿನ ಮಾತೆತ್ತಿದರೆ ಸಾಕು, ಇವಳ ಹಲ್ಲು ಚುಳ್ ಅನ್ನುತ್ತಿತ್ತು. ಪೇಪರಿನಲ್ಲಿ ಯಾವುದೋ ದೂರದೇಶದಲ್ಲಿ ಹಿಮ ಬಿತ್ತೆಂದು ಓದಿದರೆ ಎದ್ದು ಹೋಗಿ ಸ್ವೆಟರ್ ಹಾಕಿಕೊಂಡು ಬಂದು ಮುಂದಿನ ಸಾಲು ಓದುವಳು. ಮದುವೆಯಾದ ಹೊಸದರಲ್ಲಿ ಗಂಡ ಮನೆಯ ನೆಲದ ಮೇಲೆ ಒಂದು ಮಂಚ ಬರೆದಿಟ್ಟು ಮರ ತರಲು ಹೋಗಿದ್ದ. ವಾಪಸ್ ಬಂದು ನೋಡಿದರೆ ಇವಳು ಬಲಗಾಲಿನ ಬೆರಳು ಹಿಡಿದುಕೊಂಡು ಕೂತಿದ್ದಾಳೆ.

"ಏನಾಯ್ತೇ?"

"ನಿಮ್ಮ ಮಂಚದ ಕಾಲಿಗೆ ಎಡವಿದೆ."

"ಅದು ಗೆರೆ ಕಣೇ!"

"ಗೆರೆ ಅಂತ ನಿಮಗೆ. ನನಗೆ ಬೆರಳು ಊದಿದೆ, ನೋಡಿ."

ನೋಡಿದ. ಊದಿತ್ತು. ಅಡಿಗೆಮನೆಯ ಹೊಸ್ತಿಲಿಗೆ ಎಡವಿದ್ದೇ ಇರಬೇಕು ಅಂತ ಅವನು ಇವತ್ತಿಗೂ ಹೇಳುತ್ತಾನೆ, ಆದರೆ ಮೆಲ್ಲಗೆ ಹೇಳುತ್ತಾನೆ. ಅವತ್ತಿನಿಂದ ಅವಳು ಅವನು ಬರೆದ ಯಾವ ಗೆರೆಯನ್ನೂ ತುಳಿದವಳಲ್ಲ. ಬರೆದ ಮೇಜಿದ್ದರೆ ಬಳಸಿಕೊಂಡು ಹೋಗುವಳು. ಬರೆಯದೆ ಬಾಯಲ್ಲಿ ಹೇಳಿದರೂ ಬಳಸಿಕೊಂಡೇ ಹೋಗುವಳು.

ಹೀಗೆ ಇಬ್ಬರೂ ಒಬ್ಬರ ತಲೆಯೊಳಗೆ ಇನ್ನೊಬ್ಬರು ಇಣುಕಿ ನೋಡದೆ, ಮಗಳನ್ನು ಬೆಳೆಸಿ, ಮದುವೆ ಮಾಡಿ ಕಳಿಸಿ, ಹಾಯಾಗಿದ್ದರು. ಇಣುಕುವ ಹಾಗೆ ಮಾಡಿದವನು ಭಾಮೈದ, ಅಂದರೆ ಹೆಂಡತಿಯ ತಮ್ಮ. ಟ್ಯಾಕ್ಸಿ ಓಡಿಸುತ್ತಾನೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದವನು ಕೈ ತೊಳೆಯುತ್ತಾ ಜಂಬ ಕೊಚ್ಚಿದ.

"ಈ ಊರಿನ ರಸ್ತೆ ಎಲ್ಲಾ ನನಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ ಭಾವ."

"ಓಡಿಸುವಾಗ ಕಣ್ಣು ಮುಚ್ಚಿದ್ರೆ ಕಾಣೋದು ರಸ್ತೆಯಲ್ಲ, ಆಸ್ಪತ್ರೆ" ಅಂದ ಮೇಸ್ತ್ರಿ.

"ತಮಾಷೆ ಅಲ್ಲ. ಸ್ವಲ್ಪ ಮಸುಕು ಮಸುಕಾಗಿ, ಹಳೇ ಟೀವಿ ಥರ. ಆದ್ರೂ ತಿರುವೆಲ್ಲ ಕಾಣುತ್ತೆ."

"ನಿನಗೆ ಮಸುಕಾ?" ಅಂದಳು ಅಕ್ಕ. "ನನಗೆ ಅಂಗಡಿ ಬೋರ್ಡೆಲ್ಲ ಓದೋಕಾಗುತ್ತೆ."

ಮೇಸ್ತ್ರಿ ನಗುತ್ತಲೇ ಇದ್ದ. ಅಕ್ಕ ತಮ್ಮ ಸೇರಿ ತನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡ. "ಆಯ್ತು, ಬಿಡ್ರಪ್ಪ. ಕಣ್ಣು ಮುಚ್ಚಿದ್ರೆ ಯಾರಿಗಾದ್ರೂ ಏನಾದ್ರೂ ಕಾಣುತ್ತಾ? ರೆಪ್ಪೆ ಒಳಗಡೆ ಏನಿರುತ್ತೆ, ಕತ್ತಲೆ!"

ಇಬ್ಬರೂ ಅವನನ್ನೇ ನೋಡಿದರು.

"ಭಾವ, ನಿಮಗೆ ಕಾಣಲ್ವಾ?"

"ಏನು ಕಾಣ್ಬೇಕೋ?"

"ಏನಾದ್ರೂ. ಈ ಮನೆ, ನಿಮ್ಮ ಗರಗಸ."

"ಗರಗಸ ಎಲ್ಲಿದೆ ಅಂತ ಗೊತ್ತು. ಬಾಗಿಲ ಹಿಂದೆ ಇದೆ. ಅದನ್ನ ಇಲ್ಲಿ ಕೂತ್ಕೊಂಡು ಹೇಗೋ ನೋಡ್ಲಿ?"

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ದನಿ ತಗ್ಗಿಸಿ ಕೇಳಿದಳು. "ರೀ. ನನ್ನ ಮುಖ?"

ಅಳತೆಯಲ್ಲಿ ಕೂದಲೆಳೆಯಷ್ಟೂ ಸುಳ್ಳು ಹೇಳದ ಮನುಷ್ಯ ಅವನು. ಎಲ್ಲಿ ಸುಳ್ಳು ಹೇಳಬೇಕು ಅನ್ನುವುದೂ ಗೊತ್ತಿಲ್ಲದ ಮನುಷ್ಯ. ಕಣ್ಣು ಮುಚ್ಚಿದ. ಪ್ರಾಮಾಣಿಕವಾಗಿ ಹುಡುಕಿದ. ಕಣ್ಣು ಬಿಟ್ಟ.

"ಇಲ್ವಲ್ಲೇ."

"ನೀವು ದೂರದೂರಿಗೆ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಇರ್ತಿದ್ರಲ್ಲ. ಆಗ?"

"ಆಗಲೂ ಇಲ್ಲ."

"ಒಂದು ಸಲನೂ?"

ಭಾಮೈದ ಮೇಜಿನ ಕೆಳಗೆ ಭಾವನ ಕಾಲು ತುಳಿದ. ಮೇಸ್ತ್ರಿ "ಯಾಕೋ ಕಾಲು ತುಳೀತೀಯ?" ಅಂತ ಜೋರಾಗಿಯೇ ಕೇಳಿ, ಹೆಂಡತಿಯತ್ತ ತಿರುಗಿ, "ಒಂದು ಸಲನೂ ಇಲ್ಲ" ಅಂದ.

ಅಲ್ಲಿಗೆ ಆ ಮನೆಯಲ್ಲಿ ಮಾತು ನಿಂತಿತು.

ಹೆಂಡತಿ ಜಗಳವಾಡುವವಳಲ್ಲ. ಜಗಳವಾಡಿದ್ದರೆ ಮೇಸ್ತ್ರಿ ಬದುಕಿಕೊಳ್ಳುತ್ತಿದ್ದ. ಅವಳು ಟೀ ಲೋಟವನ್ನು ಮೇಜಿನ ಮೇಲೆ ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಿದ್ದಳು. ಕೊನೆಗೆ ಒಂದು ಸಂಜೆ ಅವನಿಗೆ ಕೇಳುವ ಹಾಗೆ ಮಗಳಿಗೆ ಫೋನು ಮಾಡಿದಳು. "ನಾನು ನಿನ್ನ ಮನೆಗೆ ಬಂದುಬಿಡ್ತೀನಿ. ವಾಪಸ್ ಬರೋ ಮಾತು ಆಮೇಲೆ. ಇಲ್ಲಿದ್ರೂ ಒಂದೇ, ಇಲ್ದಿದ್ರೂ ಒಂದೇ. ಬಾಗಿಲು ದಾಟಿದ್ರೆ ನಿಮ್ಮಪ್ಪನ ಪಾಲಿಗೆ ನಾನು ಕತ್ತಲೆ."

ಮಗಳು ಅಪ್ಪನಿಗೆ ಕೊಡು ಅಂದಳು. "ಅಪ್ಪ, ಇದೇನೂ ಕಾಯಿಲೆ ಅಲ್ವಂತೆ. ಕೆಲವರು ಹುಟ್ಟಿದಾಗಿನಿಂದ ಹಾಗೇ ಇರ್ತಾರಂತೆ. ನನಗೂ ಚಿತ್ರ ಅಷ್ಟು ಬರಲ್ಲ. ಧ್ವನಿ ಬರುತ್ತೆ. ಇಲ್ಲಿ ಒಬ್ಬಳೇ ಇದ್ದಾಗ ನೀನು ಮರ ಉಜ್ಜೋ ಸದ್ದು ಕಿವೀಲಿ ಕೇಳ್ತಿರುತ್ತೆ."

"ಅದನ್ನ ನಿಮ್ಮಮ್ಮನಿಗೆ ಹೇಳು."

"ಹೇಳ್ದೆ. 'ನಿಂಗೆ ಸದ್ದಾದ್ರೂ ಬರುತ್ತಲ್ಲ' ಅಂದ್ಲು."

ಮೇಸ್ತ್ರಿ ತನ್ನ ಕೆಲಸದ ಕೊಟ್ಟಿಗೆಗೆ ಹೋಗಿ ಹಲಗೆಗಳ ಮೇಲೆ ಕೂತ. ಅವನಿಗೆ ಕಾಡಿದ್ದು ಹೆಂಡತಿಯ ಕೋಪವಲ್ಲ. ಅವಳು ಹೇಳಿದ್ದು ನಿಜವಿರಬಹುದೇ ಅನ್ನುವ ಭಯ. ಅಪ್ಪ ಹೋದಾಗ ಅಣ್ಣಂದಿರೆಲ್ಲ "ಕಣ್ಮುಂದೇನೇ ನಿಂತಿದ್ದಾನೆ" ಅಂತ ಗೋಳಾಡಿದ್ದರು. ಇವನೊಬ್ಬನೇ ಕಣ್ಣು ಒಣಗಿಸಿಕೊಂಡು ನಿಂತಿದ್ದ. ಕಲ್ಲೆದೆಯವನು ಅಂತ ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಇರಬಹುದು ಅಂತ ಅವನಿಗೂ ಅನಿಸಿತ್ತು. ಆದರೆ ಇವತ್ತಿಗೂ ಉಳಿ ಹಿಡಿದರೆ ಹೆಬ್ಬೆರಳು ಅಪ್ಪ ತೋರಿಸಿದ ಜಾಗಕ್ಕೇ ಹೋಗಿ ಕೂರುತ್ತದೆ. ಅದನ್ನು ಏನೆಂದು ಕರೆಯಬೇಕೋ ಅವನಿಗೆ ತಿಳಿಯಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಹೆಂಡತಿಯ ಮುಖವನ್ನು ಎಳೆದು ತರಲು ಇನ್ನೊಮ್ಮೆ ನೋಡಿದ. ಎಷ್ಟು ಗಟ್ಟಿಯಾಗಿ ಮುಚ್ಚಿದನೆಂದರೆ ಕಿವಿ ಅಲ್ಲಾಡಿತು. ಮುಖ ಬರಲಿಲ್ಲ.

ಮರುದಿನ ಇನ್ನೊಂದು ಪೆಟ್ಟು ಬಿತ್ತು. ಮಗಳ ಮನೆಯಲ್ಲಿ ತನ್ನ ಬಟ್ಟೆ ಇಟ್ಟುಕೊಳ್ಳಲು ಕಪಾಟು ಬೇಕಲ್ಲ, ಅದನ್ನು ಊರಾಚೆ ಹೊಸದಾಗಿ ತೆರೆದಿರುವ ಮಹಾ ಮಳಿಗೆಯಲ್ಲಿ ರೆಡಿಮೇಡ್ ಕೊಳ್ಳುತ್ತೇನೆ ಅಂತ ಹೆಂಡತಿ ತಮ್ಮನಿಗೆ ಹೇಳಿದಳು. ಬಡಗಿಯ ಹೆಂಡತಿ ರೆಡಿಮೇಡ್ ಕಪಾಟು ಕೊಳ್ಳುವುದು! ದರ್ಜಿಯ ಮನೆಯಾಕೆ ಬೇರೆ ದರ್ಜಿಯ ಹತ್ತಿರ ಅಳತೆ ಕೊಟ್ಟ ಹಾಗೆ.

"ಭಾವ, ನೀವೂ ಬರ್ತೀರಾ?" ಅಂತ ಭಾಮೈದ ಹೆದರಿಕೊಂಡೇ ಕೇಳಿದ.

"ಬರ್ತೀನಿ. ಚೀಲ ಹಿಡ್ಕೊಳ್ಳೋಕೆ ಒಬ್ಬ ಬೇಕಲ್ಲ."

ಮಳಿಗೆ ಎಷ್ಟು ದೊಡ್ಡದೆಂದರೆ, ಮಂಚದ ವಿಭಾಗಕ್ಕೆ ಹೋದವರು ಕುರ್ಚಿಯ ವಿಭಾಗಕ್ಕೆ ಬರುವಷ್ಟರಲ್ಲಿ ಮಂಚದ ಮಾದರಿಯೇ ಹಳತಾಗಿರುತ್ತಿತ್ತು. ಒಳಗೆ ಸಾಲು ಸಾಲಾಗಿ ಸುಳ್ಳು ಮನೆಗಳು. ಸುಳ್ಳು ಮಲಗುವ ಕೋಣೆ, ಅದರೊಳಗೆ ಸುಳ್ಳು ಕಿಟಕಿ, ಕಿಟಕಿಯಾಚೆ ಕಾಗದದ ಬೆಟ್ಟ. ಭಾಮೈದ ಇಬ್ಬರನ್ನೂ ಬಾಗಿಲಲ್ಲಿ ಇಳಿಸಿ, ಇಬ್ಬರ ಫೋನುಗಳನ್ನೂ ಚಾರ್ಜಿಗೆ ಹಾಕಿಕೊಂಡು, ಕಾರು ನಿಲ್ಲಿಸಿ ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಹೊಡೆದ.

ಹೆಂಡತಿ ಮುಂದೆ, ಚೀಲ ಹಿಡಿದ ಗಂಡ ಹಿಂದೆ. ಅವನು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಆದರೆ ಬಡಗಿಯ ಬೆರಳು ಸುಮ್ಮನಿರುತ್ತದೆಯೇ? ದಾರಿಯುದ್ದಕ್ಕೂ ಟಕಟಕ ಅಂತ ತಟ್ಟುತ್ತಾ, "ಇದು ಮರ ಅಲ್ಲ, ಪುಡಿಗೆ ಅಂಟು ಹಾಕಿ ಒತ್ತಿರೋದು" ಅಂತ ಗೊಣಗುತ್ತಾ ಹೋದ. ಒಂದು ಭಾರಿ ಮಂಚ ಕಂಡಿತು. ಇಷ್ಟು ತೂಕವನ್ನು ಎಂಥ ಜೋಡಣೆಯ ಮೇಲೆ ನಿಲ್ಲಿಸಿದ್ದಾರೆ ಅಂತ ತಡೆಯಲಾರದ ಕುತೂಹಲ. ಚೀಲ ಸಮೇತ ಅಂಗಾತ ಮಲಗಿ ಮಂಚದ ಕೆಳಗೆ ಜಾರಿದ.

ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು ಮೇಲೆ ಕೂತಿತು.

"ಮೆತ್ತಗಿದೆ ಅಲ್ವಾ?" ಅಂದಳು ಹುಡುಗಿ.

"ಕೀಲು ಸರಿಯಿಲ್ಲ" ಅಂದಿತು ಮಂಚ.

ಜೋಡಿ ಹಾರಿ ಓಡಿತು. ಮೇಸ್ತ್ರಿ ಧೂಳು ಕೊಡವಿಕೊಂಡು ಎದ್ದು ನೋಡುತ್ತಾನೆ, ಹೆಂಡತಿ ಇಲ್ಲ.

ಎಡಕ್ಕೆ ಹೋದ, ಸುಳ್ಳು ಮಲಗುವ ಕೋಣೆ. ಬಲಕ್ಕೆ ಹೋದ, ಅಂಥದ್ದೇ ಇನ್ನೊಂದು. ನೆಟ್ಟಗೆ ಹೋಗಿ ಮತ್ತೆ ಅದೇ ಕಾಗದದ ಬೆಟ್ಟದ ಎದುರು ಬಂದು ನಿಂತ. ಬೇರೆ ಯಾರೋ ಆಗಿದ್ದರೆ ಬಂದ ದಾರಿಯನ್ನು ಮನಸ್ಸಿನಲ್ಲಿ ಒಮ್ಮೆ ನೋಡಿಕೊಳ್ಳುತ್ತಿದ್ದರೇನೋ. ಇವನು ಜೇಬಿನಿಂದ ಸೀಮೆಸುಣ್ಣ ತೆಗೆದು ತಿರುವು ತಿರುವಿಗೂ ನೆಲದ ಮೇಲೆ ಬಾಣ ಹಾಕುತ್ತಾ ಹೋದ. ಹಿಂದಿನಿಂದ ನೆಲ ಒರೆಸುವವನೊಬ್ಬ ಅಳಿಸುತ್ತಾ ಬರುತ್ತಿದ್ದ ಅನ್ನುವುದು ಅವನಿಗೆ ಗೊತ್ತಾದದ್ದು ಆಮೇಲೆ.

ತಲೆಯ ಮೇಲೆ ಸ್ಪೀಕರ್ ಗೊರಗೊರ ಅಂದಿತು. ಗಂಡಸಿನ ಗಂಭೀರ ದನಿ. "ಗ್ರಾಹಕರ ಗಮನಕ್ಕೆ. ದಟ್ಟವಾದ ಕಪ್ಪು ಗುಂಗುರು ಕೂದಲು, ಸಪೂರ ಮೈಕಟ್ಟು, ಹಸಿರು ಅಂಗಿ ತೊಟ್ಟಿರುವ ವ್ಯಕ್ತಿ ಎಲ್ಲಿದ್ದರೂ ಮೇಲಿನ ಅಂತಸ್ತಿನ ಕೌಂಟರಿಗೆ ಬರಬೇಕು. ಅವರ ಮನೆಯವರು ಕಾಯುತ್ತಿದ್ದಾರೆ."

ಪಾಪ, ಯಾವನೋ ಚೆಲುವ ಕಳೆದುಹೋಗಿದ್ದಾನೆ ಅಂದುಕೊಂಡ ಮೇಸ್ತ್ರಿ, ಬೋಳು ತಲೆಯ ಬೆವರು ಒರೆಸಿಕೊಳ್ಳುತ್ತಾ. ಅವನ ಮನೆಯಾಕೆ ಎಷ್ಟು ಚೆನ್ನಾಗಿ ಗುರುತು ಹೇಳಿದ್ದಾಳೆ! ಅಂಥವನು ಬೇಗ ಸಿಕ್ಕಿಬಿಡುತ್ತಾನೆ. ಕೌಂಟರ್ ಅನ್ನುವ ಮಾತು ಮಾತ್ರ ಅವನಿಗೆ ದಾರಿ ತೋರಿಸಿತು. ಕೆಳಗೂ ಒಂದಿರಬೇಕಲ್ಲ. ಹೊಟ್ಟೆಯನ್ನು ಎರಡು ಸೋಫಾಗಳ ನಡುವೆ ತೂರಿಸಿಕೊಂಡು ಕೆಳಗಿನ ಕೌಂಟರಿಗೆ ಬಂದ.

ಅಲ್ಲಿ ಮೈಕಿನ ಎದುರು ಒಬ್ಬಳು ಹುಡುಗಿ. "ಹೇಳಿ ಸರ್."

"ನಮ್ಮ ಮನೆಯವಳು ಕಾಣಿಸ್ತಿಲ್ಲ. ಅವಳ ಹೆಸರು ಬಂದು..."

"ಹೆಸರು ಬೇಡ ಸರ್. ಬೆಳಿಗ್ಗೆ ಒಂದು ಹೆಸರು ಕೂಗಿದ್ದಕ್ಕೆ ಅದೇ ಹೆಸರಿನವರೆಲ್ಲ ಬಂದು ಸಾಲಾಗಿ ನಿಂತ್ರು. ಬರೀ ಗುರುತು ಹೇಳಿ. ಬಟ್ಟೆ ಯಾವ ಬಣ್ಣ?"

"ಬೆಳಿಗ್ಗೆ ನೋಡಿದ್ದೆ. ಈಗ ಬರ್ತಿಲ್ಲ."

"ಮುಖ? ಗುಂಡಗಾ, ಉದ್ದಕ್ಕಾ?"

"ಎದುರಿಗೆ ಬಂದ್ರೆ ತಟ್ ಅಂತ ಹೇಳ್ತೀನಿ."

"ಎದುರಿಗೆ ಬಂದ್ರೆ ನನ್ನ ಹತ್ರ ಯಾಕೆ ಬರ್ತೀರಿ ಸರ್?" ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆ ಆಗಿ ತುಂಬ ದಿನ ಆಗಿಲ್ವಾ?"

"ನಮ್ಮ ಮಗಳಿಗೇ ಮದುವೆ ಆಗಿದೆಯಮ್ಮ."

"ಆದ್ರೂ ಮುಖ ಗೊತ್ತಿಲ್ಲ ಅಂತೀರಲ್ಲ ಸರ್!"

ಚುಚ್ಚಿತು. ಹೆಂಡತಿ ಕೇಳಿದ್ದೂ ಇದನ್ನೇ ಅಲ್ಲವೇ? ಈ ಹುಡುಗಿಗೂ ಅದೇ ಅನಿಸಿತೆಂದರೆ, ಇನ್ನು ಹೆಂಡತಿ ಹೊರಟರೆ ತಡೆಯಲು ಅವನ ಹತ್ತಿರ ಯಾವ ಮಾತಿದೆ? ಮೇಸ್ತ್ರಿಯ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಕೌಂಟರಿನ ಪಕ್ಕದ ಕಂಬಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ.

"ಎತ್ತರ ಇಷ್ಟು. ಮೊಣಕೈ ಇಲ್ಲಿಗೆ ಬರುತ್ತೆ. ನಮ್ಮನೆ ಅಡಿಗೆ ಕಟ್ಟೆ ಇದೇ ಎತ್ತರ. ಬೇರೆಯವರು ಬಂದ್ರೆ ಬಗ್ಗಿ ಕೆಲಸ ಮಾಡ್ಬೇಕು, ಅವಳಿಗೆ ಮಾತ್ರ ಸರಿಹೋಗುತ್ತೆ."

ಹುಡುಗಿ ಮೈಕ್ ಒತ್ತಿದಳು. ಹೇಳಿದ್ದನ್ನು ಹೇಳಿದ ಹಾಗೆ ಸಾರುವುದು ಅವಳ ಕೆಲಸ. "ಗ್ರಾಹಕರ ಗಮನಕ್ಕೆ. ಒಬ್ಬ ಮಹಿಳೆ ಕಾಣಿಸುತ್ತಿಲ್ಲ. ಅವರ ಮೊಣಕೈ ಅವರ ಮನೆಯ ಅಡಿಗೆ ಕಟ್ಟೆಗೆ ಸರಿಹೋಗುತ್ತದೆ." ಮೈಕ್ ಬಿಟ್ಟು, "ಮುಂದೆ ಸರ್?"

"ನಿಂತ್ರೆ ಭಾರ ಎಲ್ಲಾ ಎಡಗಾಲಿನ ಮೇಲೆ. ಬಲಗಾಲಿನ ಬೆರಳು ಒಂದು ಸಲ ಮಂಚಕ್ಕೆ ಎಡವಿತ್ತು. ಇಲ್ಲದ ಮಂಚಕ್ಕೆ."

"ಇಲ್ಲದ ಮಂಚಕ್ಕೆ ಎಡವಿದ ಮಹಿಳೆ" ಅಂತ ಸ್ಪೀಕರ್ ಸಾರಿತು. ಸುತ್ತಮುತ್ತಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡು ನೆಟ್ಟಗೆ ನಿಂತರು.

ಮೇಸ್ತ್ರಿಗೆ ಸ್ಪೀಕರಿನ ಕಡೆ ಗಮನವೇ ಇರಲಿಲ್ಲ. ಒಂದು ಗೆರೆ ಎಳೆದರೆ ಮುಂದಿನ ಗೆರೆ ತಾನೇ ಬರುತ್ತದಲ್ಲ, ಹಾಗೆ ಬರುತ್ತಾ ಹೋಯಿತು. "ಡ್ರಾಯರ್ ಕಂಡ್ರೆ ತೆಗೆದು ಒಳಗೆ ಮೂಗಿಟ್ಟು ವಾಸನೆ ನೋಡ್ತಾಳೆ. ಖಾಲಿ ಜಾಗದಲ್ಲೂ ಏನೋ ಇದೆ ಅನ್ನೋ ಥರ ಬಳಸ್ಕೊಂಡು ನಡೀತಾಳೆ. ಬೇರೆಯವರ ಮಗು ಬಿದ್ರೆ ಇವಳು ಅಮ್ಮಾ ಅಂತಾಳೆ. ನಗು ಬಂದ್ರೆ ಮೊದಲು ಸದ್ದು ಬರಲ್ಲ, ಹೆಗಲು ಕುಣಿಯುತ್ತೆ. ಸದ್ದು ಆಮೇಲೆ ಬರುತ್ತೆ, ಅದೂ ತಡೆಯೋಕಾಗದೆ ಇದ್ರೆ ಮಾತ್ರ."

"ನಗುವಾಗ ಮೊದಲು ಹೆಗಲು, ಆಮೇಲೆ ಸದ್ದು" ಅಂತ ಸರಕಾರಿ ಗಾಂಭೀರ್ಯದಲ್ಲಿ ಸ್ಪೀಕರ್ ಹೇಳಿತು. ಮೆಟ್ಟಿಲ ಮೇಲೆ ಜನ ನಿಂತು ಕೇಳತೊಡಗಿದರು.

"ಕೋಪ ಬಂದ್ರೆ ಮಾತು ಬಿಡ್ತಾಳೆ. ಆದ್ರೆ ಟೀಗೆ ಸಕ್ಕರೆ ಜಾಸ್ತಿ ಬೀಳುತ್ತೆ."

"ಯಾಕೆ ಸರ್?" ಈ ಪ್ರಶ್ನೆ ಮೈಕಿಗೆ ಬೇಕಾಗಿರಲಿಲ್ಲ, ಹುಡುಗಿಗೆ ಬೇಕಾಗಿತ್ತು.

"ನನಗೂ ಗೊತ್ತಿಲ್ಲ. ಮಾತು ಬಿಟ್ಟಿದ್ದಕ್ಕೆ ಬದಲು ಹಾಕ್ತಾಳೋ ಏನೋ."

"ಈಗ ಕೋಪದಲ್ಲಿದಾರಾ?"

"ಈಗ ನಮ್ಮನೇಲಿ ಟೀ ಅಂದ್ರೆ ಪಾಕ ಕಣಮ್ಮ."

ಹುಡುಗಿ ಅದನ್ನೂ ಸಾರಿಬಿಟ್ಟಳು. ಮಳಿಗೆಯ ತುಂಬ ನಗು ಎದ್ದಿತು. ಆಗ ಮೇಸ್ತ್ರಿ ತಲೆಯೆತ್ತಿ ಸ್ಪೀಕರ್ ನೋಡಿದ. "ಅಯ್ಯೋ, ಇದನ್ನೆಲ್ಲ ಹೇಳ್ತಿದ್ದೀಯಾ?" ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲಿನ ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ಅವನ ಹೆಂಡತಿ ಇಳಿದು ಬರುತ್ತಿದ್ದಳು. ಅವಳ ಹಿಂದೆ ಒಬ್ಬ ಕಾವಲುಗಾರ. ಅವನ ಕೈಯಲ್ಲಿ ತೋಳು ಸಿಕ್ಕಿಸಿಕೊಂಡು ಒಬ್ಬ ಯುವಕ, ದಟ್ಟ ಗುಂಗುರು ಕೂದಲು, ಸಪೂರ ಮೈ, ಹಸಿರು ಅಂಗಿ.

"ನಾನಲ್ಲ ಅಂತ ಎಷ್ಟು ಹೇಳಿದ್ರೂ ಬಿಡ್ತಿಲ್ಲ ಸಾರ್" ಅಂತ ಯುವಕ ಗೋಗರೆದ. "ನನಗಿನ್ನೂ ಮದುವೇನೇ ಆಗಿಲ್ಲ."

ಹೆಂಡತಿ ಬಂದು ಗಂಡನ ಎದುರು ನಿಂತಳು, ಭಾರವೆಲ್ಲ ಎಡಗಾಲಿನ ಮೇಲೆ. ಮುಖ ಕೆಂಪಗಾಗಿತ್ತು. ಅವನಿಗೆ ತಟ್ ಅಂತ ಗುರುತು ಸಿಕ್ಕಿತು. "ಇವಳೇ, ಇವಳೇ" ಅಂತ ಹುಡುಗಿಗೆ ಹೇಳಿದ.

"ಊರಿಗೆಲ್ಲ ಡಂಗುರ ಹೊಡೆದ್ರಲ್ಲ ರೀ! ಟೀ ವಿಷಯನೂ!"

"ನಾನು ಈ ಹುಡುಗಿಗೆ ಮಾತ್ರ ಹೇಳಿದ್ದು. ಅಲ್ಲಾ, ಈ ಹುಡುಗ ಯಾರು?"

ಅವಳು ಕಣ್ಣು ತಪ್ಪಿಸಿದಳು. ಉತ್ತರ ಕೊಟ್ಟವನು ಕಾವಲುಗಾರ. "ಅಮ್ಮನೇ ಗುರುತು ಹೇಳಿದ್ದು ಸಾರ್. ಅವರ ಯಜಮಾನ್ರು ಹೀಗಿದಾರೆ ಅಂತ."

ಮೇಸ್ತ್ರಿ ಯುವಕನನ್ನು ನೋಡಿದ. ತನ್ನ ಹೊಟ್ಟೆ ನೋಡಿಕೊಂಡ. ತಲೆ ಸವರಿಕೊಂಡ. "ಆ ಚೆಲುವ ನಾನಾ?"

"ಏನ್ ಮಾಡ್ಲಿ? ಕಣ್ಣು ಮುಚ್ಚಿದೆ, ನೀವು ಹಾಗೇ ಬಂದ್ರಿ. ನಮ್ಮಪ್ಪನ ಮನೆ ಕಿಟಕಿ ರಿಪೇರಿಗೆ ಮೊದಲನೇ ಸಲ ಬಂದಿದ್ರಲ್ಲ, ಆ ದಿನದ ಥರ. ಯಾವಾಗ ಮುಚ್ಚಿದ್ರೂ ಹಾಗೇ ಬರ್ತೀರಿ."

"ಹಸಿರು ಅಂಗಿ..." ಮೇಸ್ತ್ರಿ ನೆನಪು ಮಾಡಿಕೊಂಡ. "ಲೇ, ಅದು ನನ್ನ ಅಂಗೀನೇ ಅಲ್ಲ ಕಣೇ! ನನ್ನದು ಹರಿದಿತ್ತು. ನಮ್ಮ ಚಿಕ್ಕಪ್ಪನ ಮಗನ ಹತ್ರ ಅವತ್ತೊಂದಿನಕ್ಕೆ ಕೇಳಿ ತಂದಿದ್ದೆ. ಮರುದಿನವೇ ವಾಪಸ್ ಕೊಟ್ಟೆ."

"ಏನು? ಇಷ್ಟು ವರ್ಷ ನಾನು ನಿಮ್ಮ ಚಿಕ್ಕಪ್ಪನ ಮಗನ ಅಂಗಿ ನೋಡ್ತಿದ್ನಾ?"

"ಅದೂ ಅವನು ಆ ಅಂಗೀನ ಕಾರು ಒರೆಸೋಕೆ ಹಾಕಿ ಎಷ್ಟೋ ವರ್ಷ ಆಯ್ತು."

ಅವಳು ತುಟಿ ಬಿಗಿಹಿಡಿದಳು. ಹೆಗಲು ಕುಣಿಯಿತು. ಮೆಟ್ಟಿಲ ಮೇಲಿನ ಜನವೆಲ್ಲ ಉಸಿರು ಬಿಗಿಹಿಡಿದು ಕಾದರು. ಆಮೇಲೆ ಸದ್ದು ಬಂತು. ಯಾರೋ ಚಪ್ಪಾಳೆ ತಟ್ಟಿದರು. ಯುವಕ ಇದೇ ಸಮಯವೆಂದು ತೋಳು ಬಿಡಿಸಿಕೊಂಡು ಪರಾರಿಯಾದ.

ಹೊರಗೆ ಬರುವಾಗ ಅವಳು ಅವನ ಕೈಯಿಂದ ಚೀಲದ ಒಂದು ಹಿಡಿಯನ್ನು ತಾನು ತೆಗೆದುಕೊಂಡಳು. ಇಬ್ಬರ ನಡುವೆ ಚೀಲ ತೂಗಾಡುತ್ತಿತ್ತು.

"ರೀ. ಮುಖ ಬರಲ್ಲ ಅಂತೀರಿ. ಮತ್ತೆ ಇದೆಲ್ಲ ಎಲ್ಲಿಂದ ಬಂತು?"

ಮೇಸ್ತ್ರಿ ಯೋಚಿಸಿದ. ಅಳತೆ ತಪ್ಪದ ಹಾಗೆ ಹೇಳಬೇಕಿತ್ತು. "ಎಲ್ಲಿಂದಲೂ ಬರಲ್ಲ ಕಣೇ. ಇಲ್ಲೇ ಇರುತ್ತೆ."

ಅವಳು ಸ್ವಲ್ಪ ದೂರ ಹೋದ ಮೇಲೆ, "ಅಲ್ಲಿನ ಕಪಾಟು ಯಾವುದೂ ಚೆನ್ನಾಗಿಲ್ಲ. ವಾಸನೆನೇ ಇಲ್ಲ" ಅಂದಳು. "ನೀವೇ ಮಾಡಿ. ಇಬ್ಬರೂ ಹೋಗಿ ಮಗಳ ಮನೇಲಿ ನಿಲ್ಲಿಸಿ ಬರೋಣ."

"ವಾಪಸ್ ಬರೋ ಮಾತು ಆಮೇಲೆ ಅಂದಿದ್ಯಲ್ಲ?"

"ಈಗ ಆಮೇಲೆ ಆಯ್ತಲ್ಲ."

ಭಾಮೈದ ಕಣ್ಣುಜ್ಜಿಕೊಂಡು ಕಾರು ಹೊರಡಿಸಿದ. ಅಕ್ಕ ಭಾವ ಹಿಂದಿನ ಸೀಟಿನಲ್ಲಿ ಸ್ಟೂಲಿನಷ್ಟೇ ಜಾಗದಲ್ಲಿ ಒತ್ತಿಕೊಂಡು ಕೂತದ್ದು ನೋಡಿ, ಏನೂ ಕೇಳದೆ ಇರುವಷ್ಟು ಬುದ್ಧಿ ಅವನಿಗಿತ್ತು. ಸ್ವಲ್ಪ ಹೊತ್ತು ಮಾತ್ರ ಇತ್ತು.

"ಅಕ್ಕ, ಯಾಕೆ ಕಣ್ಣು ಮುಚ್ಕೊಂಡಿದೀಯ? ತಲೆಸುತ್ತಾ?"

"ಸುಮ್ನಿರೋ. ನಿಮ್ಮ ಭಾವನ್ನ ರಿಪೇರಿ ಮಾಡ್ತಿದೀನಿ." ಅವಳು ಕಣ್ಣು ಬಿಡಲಿಲ್ಲ. "ಕೂದಲು ತೆಗೆದೆ."

"ಒಂದೆರಡಾದ್ರೂ ಬಿಡೇ" ಅಂದ ಮೇಸ್ತ್ರಿ.

"ಕಿವಿ ಹತ್ರ ಸ್ವಲ್ಪ ಬಿಟ್ಟಿದೀನಿ. ಹೊಟ್ಟೆ ಹಾಕಿದೆ."

"ನೋಡ್ಕೊಂಡು ಹಾಕು."

"ಇರೋಷ್ಟೇ ಹಾಕಿದೀನಿ. ಜಾಗ ಸಾಲ್ತಿಲ್ಲ."

"ಜೇಬಿಗೆ ಸೀಮೆಸುಣ್ಣ ಹಾಕು ಅಕ್ಕ" ಅಂದ ಭಾಮೈದ ಕನ್ನಡಿಯಲ್ಲಿ ನೋಡುತ್ತಾ.

"ಹಾಕಿದೆ." ಅವಳು ತಲೆಯನ್ನು ಗಂಡನ ಹೆಗಲಿಗೆ ಒರಗಿಸಿದಳು. ಅವನ ಅಂಗಿಯ ಬಿಳಿ ಪುಡಿ ಅವಳ ಕೆನ್ನೆಗೆ ಅಂಟಿತು. "ಆಯ್ತು. ಈಗ ಸರಿಯಾಗಿ ಬಂದ್ರಿ."

"ಅಂಗಿ?"

"ಅಂಗಿ ಹಸಿರೇ ಇರ್ಲಿ."

"ಅದು ಬೇರೆಯವನ ಅಂಗಿ ಕಣೇ."

"ಇರ್ಲಿ ಬಿಡ್ರಿ" ಅಂದಳು ಕಣ್ಣು ಮುಚ್ಚಿಕೊಂಡೇ. "ನೀವು ವಾಪಸ್ ಕೊಟ್ರಿ. ನಾನು ಕೊಡಲ್ಲ."